ರಾಕೆಟ್ಟು ಬೀಳುವ ನೆಲ

ಶವಪೆಟ್ಟಿಗೆ ಅರ್ಧ ಒಳಗೆ ಹೋಗಿತ್ತು, ಇನ್ನರ್ಧ ಹೋಗಲೊಲ್ಲದು. ಬಾಗಿಲು ದಾಟಿದೊಡನೆ ಕಾಂಕ್ರೀಟ್ ಗೋಡೆ ಎಡಕ್ಕೆ ತಿರುಗುತ್ತಿತ್ತು. ಮೇಲಿಂದ ಬೀಳುವ ರಾಕೆಟ್ಟಿನ ಚೂರುಗಳು ನೇರ ನುಗ್ಗದಿರಲೆಂದು ಆ ತಿರುವು.

"ಒಂಚೂರು ಓರೆ ಮಾಡಿ," ಎಂದ ಹೆಯ್ಕಾ.

"ಓರೆ ಮಾಡಿದ್ರೆ ಅತ್ತೆ ಒಳಗೇ ಉರುಳ್ತಾಳೆ ಚಿಕ್ಕಪ್ಪ," ಎಂದಳು ರಾವ್ನಾ.

"ಎಪ್ಪತ್ನಾಲ್ಕು ವರ್ಷ ಯಾರು ತಳ್ಳಿದ್ರೂ ಉರುಳದೋಳು, ಈಗ ಉರುಳ್ತಾಳಾ ನಮ್ಮಕ್ಕ?"

ಹಿಂದಿನ ತುದಿ ಹಿಡಿದಿದ್ದ ಬಿರೆತ್ ಉಸಿರು ಬಿಟ್ಟಳು. "ಬಿಡ್ರೋ ಮಾರಾಯ್ರಾ. ಆಕೆಗೆ ಈ ಬಿಲ ಯಾವತ್ತು ಹಿಡಿಸಿತ್ತು? ಬೇಡ ಅಂತಿದಾಳೆ, ಅಷ್ಟೆ."

ಬಿರೆತ್‌ಳ ಗಂಡ ಆಂದರಾಸ್ ಆಗಲೇ ಹಿಂದಕ್ಕೆ ಎಳೆಯತೊಡಗಿದ್ದ. ಆತ ಹೇಳುವುದು ಕಮ್ಮಿ. ನಾಲ್ವರೂ ಪೆಟ್ಟಿಗೆಯನ್ನು ಹೊರಗೆಳೆದು ಮತ್ತೆ ಹಿಮಬಂಡಿಯ ಮೇಲಿಟ್ಟು, ಹಗ್ಗ ಬಿಗಿದರು.

ಪೆಟ್ಟಿಗೆಯೊಳಗಿದ್ದ ಸುನ್ನಾಳನ್ನು ಈ ದಾರಿಯಲ್ಲಿ ತರಬೇಕಾಗಿಯೇ ಇರಲಿಲ್ಲ. ಇಲ್ಲಿಯ ಹೆಣಗಳೆಲ್ಲ ಚಳಿಗಾಲದಲ್ಲಿ ಸುವ್ರೆ ಸರೋವರದ ಮೇಲೆಯೇ ಚರ್ಚಿಗೆ ಹೋದವು. ಅವಳ ಅಪ್ಪ, ಅವ್ವ, ಅಣ್ಣ ಎಲ್ಲರೂ. ಫೆಬ್ರುವರಿಯೆಂದರೆ ಮಂಜುಗಡ್ಡೆ ಆಳುದ್ದ ದಪ್ಪ. ನಿನ್ನೆ ಆಂದರಾಸ್ ಕೊರೆದು ನೋಡಿದಾಗ ನಾಲ್ಕು ಬೆರಳಿತ್ತು, ಅದರ ಮೇಲೆ ನೀರು ನಿಂತಿತ್ತು. ಹಾಗಾಗಿ ಗುಡ್ಡ ಸುತ್ತಿ ಬರುವ ಈ ದಾರಿ ಹಿಡಿದಿದ್ದರು. ಮಧ್ಯಾಹ್ನದ ಉಡಾವಣೆಗೆ ಮೊದಲೇ ದಾಟಿಬಿಡುವ ಲೆಕ್ಕವಿತ್ತು. ಅಷ್ಟರಲ್ಲಿ ರಾಕೆಟ್ಟು ಕೇಂದ್ರದಿಂದ ಫೋನು: ಆಕಾಶ ತಿಳಿಯಾಗಿದೆ, ಉಡಾವಣೆಯನ್ನು ಹೇಳಿದ್ದಕ್ಕಿಂತ ಬೇಗ ಮಾಡುತ್ತೇವೆ, ನಲವತ್ತು ನಿಮಿಷದೊಳಗೆ ಎಲ್ಲರೂ ಆಸರೆಕೋಣೆಯಲ್ಲಿರಬೇಕು.

ಕೇಂದ್ರದವರ ನಕ್ಷೆಯಲ್ಲಿ ಈ ಗುಡ್ಡಗಾಡಿಗೆಲ್ಲ ಒಂದೇ ಹೆಸರು, 'ಬೀಳುವ ವಲಯ'. ಸುನ್ನಾಳ ಅಜ್ಜಿಯ ಬಾಯಲ್ಲಿ ಇದೇ ನೆಲಕ್ಕೆ ನಲವತ್ತು ಹೆಸರಿದ್ದವು. ಹಿಮಸಾರಂಗ ಕರು ಹಾಕುವ ಇಳಿಜಾರು, ಗಾಳಿ ಹಿಮ ಉಳಿಸದ ದಿಣ್ಣೆ, ಬಾಣಂತಿ ಕೂತ ಬಂಡೆ. ಹೆಸರು ಅಳಿಸಿದವರೇ ಅಲ್ಲಲ್ಲಿ ಇಂಥ ಬಂಕರು ಕಟ್ಟಿಸಿ, ಬಾಗಿಲಿಗೆ ಕೆಂಪು ಬಣ್ಣ ಬಳಿದು, ಸುರಕ್ಷತೆ ಎಂದು ಬರೆದರು.

"ಅವಳೊಬ್ಬಳನ್ನೇ ಹೊರಗೆ ಬಿಡೋದಾ?" ಎಂದ ಆಂದರಾಸ್. ಅವತ್ತಿನ ಅವನ ಮೊದಲ ಮಾತು. ಮಣ್ಣಾಗುವ ತನಕ ಹೆಣವನ್ನು ಒಂಟಿಯಾಗಿ ಬಿಡುವುದು ಇವರಲ್ಲಿಲ್ಲ.

ರಾವ್ನಾ ಹಗ್ಗದ ಗಂಟನ್ನೇ ನೋಡುತ್ತ ಹೇಳಿದಳು: "ಒಳಗೆ ಬನ್ನಿ. ಒಬ್ಬರು ಹೊರಗೆ ಕಂಡ್ರೂ ಮೇವು ನಿಲ್ಲುತ್ತೆ. ಅರ್ಧ ಗಂಟೆ, ಅಷ್ಟೆ."

ಸಾರಂಗ ಸಾಕುವ ಒಂಬತ್ತು ಕುಟುಂಬಗಳ ಸಂಘಕ್ಕೆ ಅವಳೇ ಅಧ್ಯಕ್ಷೆ.

*

ಮೊದಲ ರಾಕೆಟ್ಟು ಹಾರಿದಾಗ ಸುನ್ನಾಳಿಗೆ ಹದಿನಾಲ್ಕು. ಹಿಂಡಿನ ಜೊತೆ ದಿಣ್ಣೆಯ ಮೇಲಿದ್ದಳು. ಗುಡ್ಡದಾಚೆಯಿಂದ ಬೆಂಕಿಯ ಕಡ್ಡಿಯೊಂದು ಎದ್ದು, ನೋಡನೋಡುತ್ತಲೇ ಆಕಾಶದಲ್ಲಿ ಕರಗಿಹೋಯಿತು. ಸಾರಂಗಗಳು ದಿಕ್ಕಾಪಾಲಾಗಿ ಓಡಿದವು. ಅವುಗಳನ್ನು ಹುಡುಕಲು ಹೋದವಳು ಸಂಜೆ ತಂದದ್ದು ಕಿತ್ತಳೆ ಬಣ್ಣದ ಪ್ಯಾರಾಚೂಟು, ಅದಕ್ಕೆ ತಗಲಿಕೊಂಡಿದ್ದ ಸುಟ್ಟ ಡಬ್ಬಿ.

ಮೂರನೆಯ ದಿನ ದಕ್ಷಿಣದವನೊಬ್ಬ ವಿಜ್ಞಾನಿ ಡಬ್ಬಿ ಹುಡುಕುತ್ತ ಗುಡಾರಕ್ಕೆ ಬಂದ. ಅವ್ವ ಅವನಿಗೆ ಒಣಮಾಂಸ ಕೊಟ್ಟಳು. ಹುಡುಗಿ ಡಬ್ಬಿಯನ್ನು ಬೆನ್ನ ಹಿಂದೆ ಹಿಡಿದು ಕೇಳಿದಳು:

"ಇದು ಎಷ್ಟು ಮೇಲೆ ಹೋಗಿತ್ತು?"

"ರಾತ್ರಿ ಆಕಾಶದಲ್ಲಿ ನೀವು ಕಾಣೋ ಬಣ್ಣದ ಬೆಳಕಿದೆಯಲ್ಲ, ಅದಕ್ಕಿಂತ ಮೇಲೆ."

"ಅಲ್ಲಿ ಅದಕ್ಕೇನು ಕಾಣಿಸ್ತು?"

ಆತ ನಕ್ಕು, ಒಳಗಿನ ಸುರುಳಿ ಕಾಗದ ಬಿಡಿಸಿ ಅಂಕುಡೊಂಕು ಗೆರೆ ತೋರಿಸಿದ. "ಇನ್ನೂ ಗೊತ್ತಿಲ್ಲ. ತಿಳಿದಾಗ ಬಂದು ಹೇಳ್ತೀನಿ."

ಅವನು ಬರಲಿಲ್ಲ. ಅವಳು ವರ್ಷಗಟ್ಟಲೆ ಕಾದಳು. ಪ್ರತಿ ರಾಕೆಟ್ಟಿಗೂ ದಿಣ್ಣೆ ಹತ್ತಿ ಕೂತು, ಮೇಲೆ ಹೋದದ್ದು ಕಣ್ಮರೆಯಾಗುವ ತನಕ ಕತ್ತೆತ್ತಿ ನೋಡುತ್ತಿದ್ದಳು. ಆಸರೆಕೋಣೆ ಕಟ್ಟಿದ ಮೇಲೂ ಒಳಗೆ ಕಾಲಿಡುತ್ತಿರಲಿಲ್ಲ. ನನ್ನ ನೆಲದ ಮೇಲೆ ನನ್ನ ಆಕಾಶ ನೋಡೋಕೆ ಯಾರ ಅಪ್ಪಣೆ ಬೇಕು ಎನ್ನುತ್ತಿದ್ದಳು. ಉಡಾವಣೆಗೆ ಮೊದಲು ಸುತ್ತು ಹಾಕುವ ಹೆಲಿಕಾಪ್ಟರಿನವರು ಎಷ್ಟೋ ಸಲ ಅವಳನ್ನು ಕಂಡು ಉಡಾವಣೆ ನಿಲ್ಲಿಸಿದ್ದುಂಟು. ಆಗ ವರ್ಷಕ್ಕೆ ನಾಲ್ಕೋ ಐದೋ ಹಾರುತ್ತಿದ್ದವು, ಅವರೂ ಸಹಿಸುತ್ತಿದ್ದರು.

*

"ಕೊನೆಗೂ ಆ ಗಂಡಸು ಬಂದು ಹೇಳಲೇ ಇಲ್ಲ ನೋಡು," ಎಂದು ಹೆಯ್ಕಾ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿದ. ಇಲ್ಲಿಯ ರೂಢಿಯಂತೆ ಗಿಣ್ಣದ ತುಂಡುಗಳನ್ನು ಒಂದೊಂದು ಲೋಟಕ್ಕೂ ಹಾಕಿದ. "ಅಕ್ಕ ಮದುವೆ ಆಗದೇ ಇದ್ದಿದ್ದು ಅದಕ್ಕೇ ಅಂತ ಅವ್ವ ಬೈತಿದ್ದಳು."

"ನಿನ್ನಂಥ ತಮ್ಮನ್ನ ಸಾಕೋದ್ರಲ್ಲೇ ಆಕೆ ಆಯುಸ್ಸು ಹೋಯ್ತು. ಇನ್ನು ಗಂಡ ಎಲ್ಲಿಂದ?" ಎಂದಳು ಬಿರೆತ್.

ಹೆಯ್ಕಾ ನಗಲು ಹೋದ, ಆಗಲಿಲ್ಲ. "ಜೀವ ಹೋದಾಗ ಒಂದು ಬೂಟು ಕಾಲಲ್ಲಿತ್ತು ಕಣೆ. ಇನ್ನೊಂದು ಕೈಯಲ್ಲಿ. ಒಲೆ ಮುಂದೆ ಕೂತಿದ್ದಳು. ನಾನು ಹೊರಗಿಂದ ಕರೀತಾನೇ ಇದ್ದೆ, ಬೇಗ ಬಾ, ಹೊತ್ತಾಯ್ತು ಅಂತ."

ರಾವ್ನಾ ಮೂಲೆಯ ಬೆಂಚಿನಲ್ಲಿ ಕೂತಿದ್ದಳು. ಲೋಟ ತೆಗೆದುಕೊಂಡಳು, ಕುಡಿಯಲಿಲ್ಲ.

*

ಎರಡು ಚಳಿಗಾಲದ ಹಿಂದೆ ಜನವರಿಯಲ್ಲಿ ಮಳೆ ಬಂತು. ಮೂರು ದಿನ ಸುರಿದು ನಾಲ್ಕನೆಯ ದಿನ ಹೆಪ್ಪುಗಟ್ಟಿತು. ಹಿಮದ ಕೆಳಗಿನ ಬಿಳಿ ಪಾಚಿ, ಸಾರಂಗದ ಚಳಿಗಾಲದ ಅನ್ನ, ಗಾಜಿನಂಥ ಪದರದಡಿ ಕಣ್ಣಿಗೆ ಕಾಣುತ್ತಿತ್ತು, ಬಾಯಿಗೆ ಸಿಗುತ್ತಿರಲಿಲ್ಲ. ಕೆರೆದು ಕೆರೆದು ಗೊರಸಿನಲ್ಲಿ ರಕ್ತ ಬಂತು. ಗಬ್ಬದ ಹೆಣ್ಣುಗಳು ನಿಂತಲ್ಲೇ ಮಡಿದವು.

ಆಗ ಕೇಂದ್ರದವರು ಕಾಗದ ತಂದರು. ಪ್ರತಿ ಚಳಿಗಾಲವೂ ಒಣಮೇವು ಕೊಡುತ್ತೇವೆ. ವಾರಕ್ಕೊಂದು ಉಡಾವಣೆಗೆ ನೀವು ತಕರಾರು ಮಾಡುವಂತಿಲ್ಲ. ಹೊತ್ತಿಗೆ ಸರಿಯಾಗಿ ಜನ ಒಳಗಿರಬೇಕು. ತಪ್ಪಿದರೆ ಮೇವಿಲ್ಲ. ಹಸಿದವರ ಬಾಗಿಲಿಗೆ ಇಂಥ ಕಾಗದ ಸರಿಯಾದ ಹೊತ್ತಿಗೇ ಬರುತ್ತದೆ.

ಸಭೆಯಲ್ಲಿ ಸುನ್ನಾ ಒಬ್ಬಳೇ ಎದ್ದು ನಿಂತಳು. "ಅರವತ್ತು ವರ್ಷ ಮೇಲೆ ಹೋಗಿ ಅಳೆದು, ಭೂಮಿ ಬಿಸಿಯಾಗ್ತಿದೆ ಅಂತ ಕಂಡುಹಿಡಿದ್ರಂತೆ. ಬೇಕಾದ್ದೇ. ನಾನೇ ಕಾಯ್ತಿದ್ದೆ ಆ ಸುದ್ದಿಗೆ. ಅದು ಗೊತ್ತಾದ ಮೇಲೆ ಮಾಡಿದ್ದೇನು? ಇನ್ನೂ ಹೆಚ್ಚು ರಾಕೆಟ್ಟು. ಯಾರದೋ ಫೋನಿಗೆ ಉಪಗ್ರಹ ಹಾರಿಸೋಕೆ."

"ಅತ್ತೆ, ನಾಳೆ ಬೆಳಿಗ್ಗೆ ಅವುಕ್ಕೆ ಏನು ಹಾಕ್ತೀಯ? ಅದೊಂದು ಹೇಳು," ಎಂದಳು ರಾವ್ನಾ.

ಸುನ್ನಾ ಕೂತುಬಿಟ್ಟಳು. ರಾವ್ನಾ ಸಹಿ ಹಾಕಿದಳು. ತಾಯಿಯಿಲ್ಲದ ಅವಳಿಗೆ ಹಗ್ಗ ಎಸೆಯಲು ಕಲಿಸಿದ, ತಲೆ ಬಾಚಿದ ಅತ್ತೆ, ಅವತ್ತಿನಿಂದ ಅವಳ ಜೊತೆ ಮಾತು ಬಿಟ್ಟಳು.

*

ಹೊರಗೆ ಎಚ್ಚರಿಕೆಯ ಸೈರನ್ನು ಕೂಗಿತು. ಇನ್ನು ಹದಿನೈದು ನಿಮಿಷ.

"ಅವಳು ದಿಣ್ಣೆ ಮೇಲೆ ಕೂರ್ತಾಳೆ, ಒಂದಿನ ಸಿಕ್ಕಿಬೀಳ್ತಾಳೆ ಅಂತ ಎರಡು ವರ್ಷ ಎದೆ ಹೊಡ್ಕೋತಿತ್ತು ನಂಗೆ," ಎಂದಳು ರಾವ್ನಾ. "ಹೆಂಗೋ ಅವರ ಕಣ್ಣಿಗೆ ಬೀಳಲಿಲ್ಲ."

ಬಿರೆತ್ ಅವಳನ್ನೇ ನೋಡಿದಳು. "ದಿಣ್ಣೆ ಮೇಲಾ? ನಿಂಗೆ ಯಾರು ಹೇಳಿದ್ರು?"

"ಮತ್ತೆಲ್ಲಿ?"

"ಇಲ್ಲೇ. ನೀನು ಪಡುವಣ ಗುಡ್ಡದ ಆಸರೆಕೋಣೇಲಿರ್ತಿದ್ದೆ, ನಿಂಗೇನು ಗೊತ್ತು? ಪ್ರತಿ ಸಲ ಬಂದು, ನೀ ಕೂತಿದೀಯಲ್ಲ ಆ ಮೂಲೇಲಿ, ಗೋಡೆಗೆ ಮುಖ ಮಾಡಿ ಕೂತ್ಬಿಡೋಳು. ಸದ್ದಾದಾಗ ಕಣ್ಣು ಮುಚ್ಚೋಳು."

"ಸುಳ್ಳು."

"ನನ್ನ ಗಂಡನ್ನ ಕೇಳು. ಅವನಿಗೆ ಸುಳ್ಳು ಹೇಳೋಷ್ಟು ಮಾತೆಲ್ಲಿದೆ?"

ಆಂದರಾಸ್ ಹೌದೆಂದು ತಲೆಯಾಡಿಸಿದ.

"ಯಾಕೆ ಬಂದಳಂತೆ?" ರಾವ್ನಾಳ ದನಿ ಸಣ್ಣಗಾಗಿತ್ತು.

"ನಾನೂ ಕೇಳ್ದೆ. ಹುಡುಗಿ ಮಾತು ಕೊಟ್ಟಿದಾಳೆ, ನಾ ಹೊರಗೆ ಕೂತ್ರೆ ಅವಳ ಮರ್ಯಾದೆ ಹೋಗುತ್ತೆ ಅಂದಳು. ನಿಂಗೆ ಹೇಳಬೇಡ ಅಂತ ಆಣೆ ಹಾಕಿಸ್ಕೊಂಡಿದ್ದಳು. ಇನ್ಯಾರಿಗೆ ಹೆದರಲಿ?"

ರಾವ್ನಾ ಲೋಟ ಕೆಳಗಿಟ್ಟು ಎದ್ದಳು. ಹೆಯ್ಕಾ ಅವಳ ತೋಳು ಹಿಡಿದ. "ಕೂತ್ಕೊ ಮಗಾ. ಹಿಂಡು ಉಪವಾಸ ಬೀಳುತ್ತೆ. ಇವತ್ತು ಮೇವಿನ ಲಾರಿ ಬರೋ ದಿನ."

"ಗೊತ್ತು ಚಿಕ್ಕಪ್ಪ."

"ಅವಳೇ ಒಪ್ತಿರಲಿಲ್ಲ ಇದಕ್ಕೆ."

"ಅದೂ ಗೊತ್ತು," ಎಂದು ಕೈ ಬಿಡಿಸಿಕೊಂಡಳು.

ಹೊರಗೆ ಬಿಸಿಲು ಹಿಮದ ಮೇಲೆ ಬಿದ್ದು ಕಣ್ಣು ಕುಕ್ಕುತ್ತಿತ್ತು. ರಾವ್ನಾ ಬಂಡಿಯ ಅಂಚಿನಲ್ಲಿ ಕೂತು ಪೆಟ್ಟಿಗೆಗೆ ಬೆನ್ನು ಆನಿಸಿದಳು. ಸ್ವಲ್ಪ ಹೊತ್ತಿಗೆ ಹೆಲಿಕಾಪ್ಟರು ಬಂತು, ನೆತ್ತಿಯ ಮೇಲೆ ಎರಡು ಸುತ್ತು ಹಾಕಿತು. ಫೋನು ಬಡಿದುಕೊಂಡಿತು. ಕೇಂದ್ರದ ಹುಡುಗಿ, ಯಾವಾಗಲೂ ನಯವಾಗಿ ಮಾತಾಡುವವಳು.

"ರಾವ್ನಾ ಅವರೇ, ಮೂರನೇ ಕೋಣೆ ಹತ್ರ ಯಾರೋ ಒಬ್ಬರು ಕೂತಿದಾರಂತೆ. ನಿಮ್ಮವರಾ?"

"ಒಬ್ಬರಲ್ಲ. ಇಬ್ಬರಿದ್ದೀವಿ."

"ದಯವಿಟ್ಟು ಒಳಗೆ ಕಳಿಸ್ತೀರಾ?"

"ಒಬ್ಬಳು ಬಾಗಿಲಲ್ಲಿ ಹಿಡಿಸಲಿಲ್ಲ. ಅವಳನ್ನ ಮಣ್ಣಿಗೆ ಒಯ್ಯುತಿದೀವಿ. ಇನ್ನೊಬ್ಬಳು ನಾನು."

ಅತ್ತಲಿಂದ ತಗ್ಗಿದ ದನಿಯಲ್ಲಿ, "ಅಯ್ಯೋ. ಗೊತ್ತಿರಲಿಲ್ಲ. ಆದ್ರೆ ಒಪ್ಪಂದದಲ್ಲಿ..."

"ಸಹಿ ನಂದೇ ತಾಯಿ. ಓದಿದೀನಿ."

"ಲಾರಿ ವಾಪಸ್ ಹೋಗುತ್ತೆ. ನನ್ನ ಕೈಲಿ ಏನೂ ಇಲ್ಲ."

"ಇಲ್ಲ ಅಂತ ನಂಗೂ ಗೊತ್ತು," ಎಂದು ರಾವ್ನಾ ಫೋನು ಇಟ್ಟಳು.

ಉಡಾವಣೆ ನಾಳೆಗೆ ಹೋಯಿತು. ಸೈರನ್ನು ಇನ್ನೊಮ್ಮೆ ಕೂಗಿ ಸುಮ್ಮನಾಯಿತು. ಒಳಗಿದ್ದವರು ಹೊರಬಂದರು. ಹೆಯ್ಕಾ ಬೈಯಲಿಲ್ಲ, ಬಂಡಿಯ ಕೊಂಡಿಯನ್ನು ಹಿಮದ ಮೇಲೆ ಓಡುವ ಸ್ಕೂಟರಿಗೆ ಸಿಕ್ಕಿಸಿ, ಕಣ್ಣೊರೆಸಿಕೊಂಡು ಹತ್ತಿ ಕೂತ.

ಪೈನ್ ಕಾಡಿನ ಅಂಚಿಗೆ ಬಂದಾಗ ಮರಗಳ ನಡುವೆ ಕೊಂಬುಗಳು ಕಂಡವು. ಸ್ಕೂಟರಿನ ಸದ್ದು, ಅದರ ಹಿಂದೊಂದು ಬಂಡಿ ಎಂದರೆ ಮೇವು ಎಂದು ಎರಡು ಚಳಿಗಾಲದಲ್ಲಿ ಅವು ಕಲಿತಿದ್ದವು. ಮೊದಲು ಐದಾರು ಬಂದವು, ಆಮೇಲೆ ಲೆಕ್ಕವಿಲ್ಲದಷ್ಟು.

"ಅಟ್ಟಲಾ?" ಎಂದು ಕೂಗಿದ ಆಂದರಾಸ್.

"ಬೇಡ," ಎಂದಳು ರಾವ್ನಾ.

ಚರ್ಚಿನಂಗಳದಲ್ಲಿ ಕಾದಿದ್ದವರಿಗೆ ಮೊದಲು ಕೇಳಿದ್ದು ಸಾವಿರಾರು ಗೊರಸಿನ ಚಿಟಚಿಟ ಸದ್ದು. ಆಮೇಲೆ ಗುಡ್ಡದ ತಿರುವಿನಲ್ಲಿ ಸ್ಕೂಟರು, ಅದರ ಹಿಂದೆ ಪೆಟ್ಟಿಗೆ, ಪೆಟ್ಟಿಗೆಯ ಹಿಂದೆ ಪಕ್ಕೆಲುಬು ಎದ್ದ ಬೂದು ಹಿಂಡು. ಅದರ ಕೊನೆ ಕಾಣುತ್ತಿರಲಿಲ್ಲ. ಎಲ್ಲಕ್ಕಿಂತ ಮುಂದಿದ್ದ ಹೆಣ್ಣು ಸಾರಂಗ ಪೆಟ್ಟಿಗೆಯ ಹಲಗೆಯನ್ನು ಮೂಸುತ್ತಿತ್ತು, ನೆಕ್ಕಿ ನೋಡುತ್ತಿತ್ತು, ಮತ್ತೆ ತಲೆ ತಗ್ಗಿಸಿ ನಡೆಯುತ್ತಿತ್ತು.