ಕೂರುವ ಜಾಗ

“ಏ ಬೇವರ್ಸಿ, ಕೆಳಗೇನು ಗೊಂಬೆ ಥರ ನಿಂತಿದೀಯ? ಇಲ್ಲಿ ಗಾರೆಯವನು ಮಾಲಿಗೆ ಕಾಯ್ಕೊಂಡು ಕೈ ಕಟ್ಟಿ ಕೂತಿದ್ದಾನೆ.”

ಮೇಸ್ತ್ರಿ ಮಹಡಿಯಿಂದ ಕೂಗುತ್ತಿದ್ದ. ಕೆಳಗೆ ನಿಂತಿದ್ದವಳು ಕಂಬಕ್ಕ. ತಲೆಯ ಮೇಲೆ ಸಿಮೆಂಟು ಮಾಲು ತುಂಬಿದ ಬಾಂಡ್ಲಿ ಇದ್ದಾಗ ಕತ್ತೆತ್ತಿ ಮಾತಾಡಲು ಬರುವುದಿಲ್ಲ. ಅಲ್ಲದೆ ಅವಳು ನಿಂತದ್ದು ತನ್ನಿಷ್ಟಕ್ಕೂ ಅಲ್ಲ. ಸರಕಾರಿ ಶಾಲೆಯ ಜಗಲಿಯಲ್ಲಿ ಅವಳನ್ನು ತಡೆದು ನಿಲ್ಲಿಸಿದವರು ಶನಿವಾರದ ಮೇಷ್ಟ್ರು. ಊರಿನ ದೊಡ್ಡವರೆಲ್ಲ ಸೇರಿ ಸಮಿತಿ ಕಟ್ಟಿ, ಚಂದಾ ಎತ್ತಿ, ಈ ಶಾಲೆಯ ಮಕ್ಕಳು ಉದ್ಧಾರವಾಗಲಿ ಎಂದು ಶನಿವಾರಕ್ಕೊಂದು ವಿಜ್ಞಾನದ ತರಗತಿ, ಒಂದು ಚಿತ್ರದ ತರಗತಿ ಶುರು ಮಾಡಿದ್ದರು. ಎರಡಕ್ಕೂ ಇವರೊಬ್ಬರೇ ಮೇಷ್ಟ್ರು. ಮಹಡಿಯ ಮೇಲೆ ಏಳುತ್ತಿದ್ದದ್ದೂ ಆ ತರಗತಿಗಳದೇ ಹೊಸ ಕೋಣೆ.

ಮೇಷ್ಟ್ರು ಜಗಲಿಯಲ್ಲಿ ಕೂರಿಸಿದ್ದ ಮಕ್ಕಳಿಗೆ ಕೋಲಿನಿಂದ ಬಾಂಡ್ಲಿ ತೋರಿಸಿದರು. ಈಕೆ ಭಾರ ಹೊತ್ತು ಸುಮ್ಮನೆ ನಿಂತಿದ್ದಾಳೆ, ಭಾರ ಮೇಲೂ ಹೋಗುತ್ತಿಲ್ಲ, ಕೆಳಗೂ ಬರುತ್ತಿಲ್ಲ, ಹಾಗಾದರೆ ವಿಜ್ಞಾನದ ಪ್ರಕಾರ ಈಕೆ ಮಾಡುತ್ತಿರುವ ಕೆಲಸ ಎಷ್ಟು ಎಂದು ಕೇಳಿದರು.

“ಸೊನ್ನೆ,” ಎಂದರು ಮೇಷ್ಟ್ರು. “ಬರ್ಕೊಳ್ಳಿ.”

ಆಮೇಲೆ ಅವಳನ್ನು ಜಗಲಿಯ ಈ ತುದಿಯಿಂದ ಆ ತುದಿಗೆ ನಡೆಸಿದರು. ಸಮನೆಲದಲ್ಲಿ ಎಷ್ಟು ನಡೆದರೂ ಸೊನ್ನೆಯೇ ಅಂತೆ. ಮಕ್ಕಳು ಅದನ್ನೂ ಬರೆದುಕೊಂಡರು. ಮೆಟ್ಟಿಲು ಹತ್ತುವುದರ ಲೆಕ್ಕ ಮುಂದಿನ ಪಾಠವಂತೆ. ಮೇಷ್ಟ್ರು ಥ್ಯಾಂಕ್ಸ್ ಹೇಳಿ ಅವಳನ್ನು ಬಿಟ್ಟರು. ಕೆಟ್ಟ ಮನುಷ್ಯನೇನಲ್ಲ.

ಸುದ್ದಿ ಅವಳಿಗಿಂತ ಮುಂಚೆ ಮಹಡಿ ಹತ್ತಿತ್ತು. ಹೊರೆ ಹೊತ್ತರೆ ಒಂದಿಷ್ಟೂ ಅಲ್ಲಾಡುವುದಿಲ್ಲ ಎಂದು ಜೊತೆಯ ಹೆಂಗಸರು ಅವಳಿಗೆ ಕಂಬಕ್ಕ ಎಂದು ಹೆಸರಿಟ್ಟಿದ್ದರು. ಮೇಸ್ತ್ರಿ ಅವತ್ತು ಸಂಜೆಯವರೆಗೂ “ಏ ಸೊನ್ನೆ” ಎಂದೇ ಕರೆದ.

ಅವಳ ಮಗಳು ಅದೇ ಶಾಲೆಯಲ್ಲಿ ಏಳನೇ ಕ್ಲಾಸು. ವಾರವೆಲ್ಲ ಒಳಗೆ ಕೂರುವ ಹುಡುಗಿ, ಶನಿವಾರ ಅದೇ ಕೋಣೆಯ ಕಿಟಕಿ ಸರಳು ಹಿಡಿದು ಹೊರಗೆ ನಿಲ್ಲುತ್ತಿದ್ದಳು. ಶನಿವಾರದ ತರಗತಿಗೆ ಸಮಿತಿಯವರ ಚೀಟಿ ಬೇಕಿತ್ತು. ಕಂಬಕ್ಕ ಹೆಡ್‌ಮೇಷ್ಟ್ರನ್ನು ಕೇಳಿದರೆ ಸಮಿತಿಯವರನ್ನು ಕೇಳು ಎಂದರು. ಸಮಿತಿಯವರನ್ನು ಕೇಳಿದರೆ ಹೆಡ್‌ಮೇಷ್ಟ್ರನ್ನು ಕೇಳು ಎಂದರು. ಇಬ್ಬರೂ ಒಂದೇ ಕೋಣೆಯಲ್ಲಿ ಎದುರುಬದುರು ಕೂತೇ ಹೇಳಿದ್ದು. ಹುಡುಗಿಗೆ ಚಿತ್ರದ ಹುಚ್ಚು. ಸಿಮೆಂಟು ಚೀಲ ಬಿಡಿಸಿ ಒಳಗಿನ ಕಾಗದದ ಮೇಲೆ ಇಟ್ಟಿಗೆ ಚೂರಿನಿಂದ ಏನಾದರೂ ಗೀಚುವಳು. ಒಂದು ಸಲ ಮೇಸ್ತ್ರಿಯನ್ನು ಹೊಟ್ಟೆಸಮೇತ ಬರೆದಿದ್ದಳು. ಮೇಸ್ತ್ರಿ ಅದನ್ನು ನೋಡಿದವನೇ ಹರಿದು ಬಿಸಾಡಿದ. ಅಷ್ಟು ಚೆನ್ನಾಗಿ ಬಂದಿತ್ತು.

ಸಮಿತಿಯ ಅಧ್ಯಕ್ಷರು ಕಟ್ಟಡ ನೋಡಲು ಬಂದಾಗ ಮೇಷ್ಟ್ರು ಸೊನ್ನೆಯ ಪಾಠದ ವಿಷಯ ಹೇಳಿದರು. ಅಧ್ಯಕ್ಷರಿಗೆ ಬಹಳ ಹಿಡಿಸಿತು. ಚಂದಾ ಕೊಟ್ಟವರಿಗಾಗಿ ಮಕ್ಕಳ ಚಿತ್ರಗಳ ಪ್ರದರ್ಶನ ನಡೆಯುವುದಿತ್ತು. ಅದಕ್ಕೆ ‘ಶ್ರಮದ ಗೌರವ’ ಎಂದು ಅವರೇ ಹೆಸರಿಟ್ಟಿದ್ದರು. ಹೆಸರಿತ್ತು, ಶ್ರಮ ಬೇಕಾಗಿತ್ತು. ಕಂಬಕ್ಕನನ್ನು ಕರೆಸಿ, ಮೂರು ಶನಿವಾರ ಬಾಂಡ್ಲಿ ಹೊತ್ತು ಮಕ್ಕಳ ಎದುರು ನಿಲ್ಲಬೇಕು ಎಂದರು.

ಕಂಬಕ್ಕ ಹುಟ್ಟಿದಾರಭ್ಯ ಯಾರಿಗೂ ಷರತ್ತು ಹಾಕಿದವಳಲ್ಲ. ಅವತ್ತು ಹಾಕಿದಳು.

“ನಿಲ್ತೀನಿ ಸಾರ್. ನಮ್ಮ ಹುಡುಗಿಗೂ ಒಂದು ಜಾಗ ಕೊಡಿ.”

ಅಧ್ಯಕ್ಷರು ಅವಳನ್ನು ನೋಡಿದರು. ಮೇಷ್ಟ್ರ ಕಡೆ ತಿರುಗಿ, “ಒಳ್ಳೇ ಐಡಿಯಾ ಕಣ್ರೀ,” ಎಂದರು. “ಆಯ್ತಮ್ಮ, ಮೂರನೇ ವಾರ ಕರ್ಕೊಂಡು ಬಾ. ಜಾಗ ಮಾಡೋಣ.”

ಮೊದಲ ಶನಿವಾರ ಖಾಲಿ ಬಾಂಡ್ಲಿ ಹೊತ್ತು ನಿಂತಳು. ಅಧ್ಯಕ್ಷರು ಬಂದು ನೋಡಿ, ಕತ್ತಿನ ನರ ಕಾಣುತ್ತಿಲ್ಲ, ಮುಂದಿನ ವಾರ ತುಂಬಿಸಿ ಎಂದರು. ಎರಡನೇ ಶನಿವಾರ ತುಂಬಿದ ಬಾಂಡ್ಲಿ ಹೊತ್ತು ನಿಂತಾಗ ಮುಂದಿನ ಬೆಂಚಿನ ಹುಡುಗನ ಮೂಗಿಗೆ ಬಣ್ಣ ಹತ್ತಿದ್ದು ನೋಡಿ ಅವಳಿಗೆ ನಗು ಬಂದುಬಿಟ್ಟಿತು. ಸ್ವಲ್ಪ ಕಷ್ಟದಲ್ಲಿರುವವಳ ಹಾಗೆ ಮುಖ ಮಾಡಮ್ಮ ಎಂದು ಅಧ್ಯಕ್ಷರಿಂದ ಹೇಳಿಸಿಕೊಂಡಳು. ಕಷ್ಟದಲ್ಲಿದ್ದಾಗ ತನ್ನ ಮುಖ ಹೇಗಿರುತ್ತದೆ ಎಂದು ಕಂಬಕ್ಕನಿಗೆ ಗೊತ್ತಿರಲಿಲ್ಲ. ಅಂಥ ಹೊತ್ತಲ್ಲಿ ಕನ್ನಡಿ ನೋಡಿಕೊಳ್ಳಲು ಪುರಸೊತ್ತೆಲ್ಲಿ. ಇತ್ತ ಮೇಸ್ತ್ರಿ, ಅಲ್ಲಿ ಮಾಡಿದ್ದು ಸೊನ್ನೆ ತಾನೆ, ಇಲ್ಲಿಯದು ಬಂದು ಮಾಡು ಎಂದು ತಪ್ಪಿದ ಹೊರೆಗಳನ್ನೆಲ್ಲ ಊಟದ ಬಿಡುವಿನಲ್ಲಿ ಹೊರಿಸಿದ. ಅವಳು ಹೊತ್ತಳು. ಇನ್ನೊಂದೇ ವಾರ ತಾನೆ.

ಶುಕ್ರವಾರ ಸಂಜೆ ಮಗಳು ಯೂನಿಫಾರ್ಮನ್ನು ತಾನೇ ಒಗೆದು ಒಣಹಾಕಿದಳು. ಇದ್ದ ಒಂದು ಪೆನ್ಸಿಲನ್ನು ಬ್ಲೇಡಿನಲ್ಲಿ ಮೂರು ಸಲ ಹೆರೆದಳು. ಇನ್ನೊಂದು ಸಲ ಹೆರೆದರೆ ಹಿಡಿಯಲು ಏನೂ ಉಳಿಯುವುದಿಲ್ಲ ಎಂದು ತಾಯಿ ಕಿತ್ತಿಟ್ಟಳು.

“ಅಮ್ಮ, ಮೊದಲನೇ ಬೆಂಚಲ್ಲಿ ಕೂರಲಾ?”

“ಎಲ್ಲಿ ಖಾಲಿ ಇದೆಯೋ ಅಲ್ಲಿ ಕೂರು. ಮೊದಲನೇ ದಿನವೇ ಜೋರು ಮಾಡಬೇಡ.”

ಶನಿವಾರ ಇಬ್ಬರು ಹೆಂಗಸರು ಕೈಕೊಟ್ಟು ಹಸಿ ಮಾಲಿನ ಬಾಂಡ್ಲಿಯನ್ನು ಕಂಬಕ್ಕನ ತಲೆಗೇರಿಸಿದರು. ಅಧ್ಯಕ್ಷರು ಬಿಳಿ ಬಟ್ಟೆ ತೊಟ್ಟು, ಕರಿಹಲಗೆಯ ಪಕ್ಕ ಗೋಡೆಗೆ ತಾಗಿಸಿ ಹಾಕಿಸಿದ್ದ ತಮ್ಮ ಮೆತ್ತೆಯ ಕುರ್ಚಿಯಲ್ಲಿ ಕೂತಿದ್ದರು. ಮಗಳು ಎರಡು ಜಡೆ ಹಾಕಿಕೊಂಡು ರಿಬ್ಬನ್ ಕಟ್ಟಿಕೊಂಡು ಬಂದಳು. ಒಳಗೆ ಬರಬಹುದಾ ಸಾರ್ ಎಂದು ಕೇಳಿ, ಎರಡನೇ ಬೆಂಚಿನ ತುದಿಯಲ್ಲಿ ಕೂತಳು.

“ಅಲ್ಲಲ್ಲ, ಅಲ್ಲಿ ಯಾಕೆ ಕೂತೆ?” ಅಧ್ಯಕ್ಷರು ಎದ್ದರು. “ಬಾ ಇಲ್ಲಿ. ಅಮ್ಮನ ಪಕ್ಕ ನಿಂತ್ಕೋ.”

ಹುಡುಗಿ ಬಂದು ನಿಂತಳು. ಯೂನಿಫಾರ್ಮು ತುಂಬ ಚೊಕ್ಕಟವಾಯಿತು, ಬೇರೆ ಬಟ್ಟೆ ಇಲ್ಲವೇ ಎಂದು ಅವರು ಕೇಳಿದರು. ಇರಲಿ ಎಂದು ರಿಬ್ಬನ್ ಬಿಚ್ಚಿಸಿದರು. ತಾವೇ ಕೈಹಾಕಿ ಜಡೆ ಕೆದರಿದರು. ಚಪ್ಪಲಿ ಬಿಡಿಸಿದರು. ಕೈಯಲ್ಲಿದ್ದ ಪೆನ್ಸಿಲ್ ಇಸಿದುಕೊಂಡು ಮೇಜಿನ ಮೇಲಿಟ್ಟು, ಅಮ್ಮನ ಸೆರಗು ಹಿಡ್ಕೋ ಎಂದರು. ಹುಡುಗಿ ಹಿಡಿದುಕೊಂಡಳು. ಅವಳಿಗೆ ಇನ್ನೂ ಅರ್ಥವಾಗಿರಲಿಲ್ಲ. ಇದೆಲ್ಲ ಮುಗಿದ ಮೇಲೆ ಕೂರಿಸುತ್ತಾರೆ ಎಂದುಕೊಂಡಿದ್ದಳು.

“ಸಾರ್, ಜಾಗ ಅಂದಿದ್ರಿ,” ಎಂದಳು ಕಂಬಕ್ಕ.

“ಇದೇ ಅಲ್ವೇನಮ್ಮ ಜಾಗ? ತಾಯಿ ಮಗಳು ಇಬ್ಬರೂ ಇದ್ರೆ ನೋಡೋರ ಕರುಳು ಚುರುಕ್ ಅನ್ನುತ್ತೆ.”

“ನಾನು ಕೇಳಿದ್ದು ಕೂರೋ ಜಾಗ.”

“ಬೆಂಚೆಲ್ಲ ಭರ್ತಿ ಆಗಿದೆ. ನೀನೇ ನೋಡು.”

ಮಗಳು ಎದ್ದು ಬಂದ ಜಾಗ ಎರಡನೇ ಬೆಂಚಿನ ತುದಿಯಲ್ಲಿ ಹಾಗೇ ಖಾಲಿ ಇತ್ತು. ಮೇಷ್ಟ್ರು ಅದನ್ನು ನೋಡಿದರು, ಬೇಗ ಕಣ್ಣು ಬೇರೆ ಕಡೆ ಹಾಯಿಸಿ ಸೀಮೆಸುಣ್ಣ ಹುಡುಕತೊಡಗಿದರು. ಕಂಬಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಎರಡು ಶನಿವಾರ ತಾನು ನಿಂತದ್ದು ಮಗಳನ್ನೂ ತಂದು ನಿಲ್ಲಿಸುವುದಕ್ಕೆ.

“ಸೆರಗು ಬಿಡು,” ಎಂದಳು ಮಗಳಿಗೆ. “ಪೆನ್ಸಿಲ್ ತಗೋ. ಒಂದು ಹಾಳೆ ತಗೋ. ಆ ಕುರ್ಚೀಲಿ ಹೋಗಿ ಕೂತ್ಕೋ.”

ಹುಡುಗಿ ಹೆದರಿ ಅಧ್ಯಕ್ಷರ ಮುಖ ನೋಡಿದಳು.

“ಅವರನ್ನೇನು ನೋಡ್ತೀಯ? ಹೇಳ್ತಿರೋಳು ನಾನು.”

ಅಧ್ಯಕ್ಷರು ಏನಿದು ಎನ್ನುತ್ತ ಅಡ್ಡ ಬಂದರು. ಕಂಬಕ್ಕ ಒಂದು ಹೆಜ್ಜೆ ಮುಂದಿಟ್ಟಳು. “ಮಾಲು ಹಸಿ ಇದೆ ಸಾರ್, ಹತ್ತಿರ ಬರಬೇಡಿ,” ಎಂದಳು. ಅವರು ತಮ್ಮ ಬಿಳಿ ಬಟ್ಟೆ ನೋಡಿಕೊಂಡು ಎರಡು ಹೆಜ್ಜೆ ಹಿಂದೆ ಸರಿದರು. ಅಷ್ಟರಲ್ಲಿ ಹುಡುಗಿ ಕುರ್ಚಿಯಲ್ಲಿ ಕೂತಾಗಿತ್ತು. ಕಂಬಕ್ಕ ನಿಧಾನವಾಗಿ ಮೈ ತಿರುಗಿಸಿ ಮಗಳಿಗೆ ಮುಖ ಮಾಡಿ ನಿಂತಳು. ಇಡೀ ತರಗತಿಗೆ ಅವಳ ಬೆನ್ನು.

“ಸಾರ್, ಬೆನ್ನು ಬರೀಬೇಕಾ?” ಎಂದು ಒಬ್ಬ ಹುಡುಗ ಕೇಳಿದ. ಮೇಷ್ಟ್ರು ಇನ್ನೂ ಸೀಮೆಸುಣ್ಣ ಹುಡುಕುತ್ತಿದ್ದರು. ಕೆಲವರು ಬೆನ್ನನ್ನೇ ಬರೆಯಲು ಶುರು ಮಾಡಿದರು.

ಅಧ್ಯಕ್ಷರು ಮೇಸ್ತ್ರಿಯನ್ನು ಕೂಗಿದರು. ಅವನು ಬಾಯಿಗೆ ಬಂದಂತೆ ಬೈಯುತ್ತ ಓಡಿಬಂದವನು ಅವಳಿಗೆ ಒಂದು ಮಾರು ದೂರದಲ್ಲೇ ನಿಂತುಬಿಟ್ಟ. ತುಂಬಿದ ಬಾಂಡ್ಲಿ ಅಷ್ಟೆತ್ತರದಿಂದ ಬಿದ್ದರೆ ಸಮಿತಿಯವರು ಹಾಸಿಸಿದ ಟೈಲ್ಸಿನ ಗತಿ ಏನಾಗುತ್ತದೆ ಎಂದು ಆ ಕೋಣೆಯಲ್ಲಿ ಅವನಷ್ಟು ಚೆನ್ನಾಗಿ ಬಲ್ಲವರಿರಲಿಲ್ಲ. ಅವಳನ್ನು ಮುಟ್ಟುವ ಧೈರ್ಯ ಯಾರಿಗೂ ಬರಲಿಲ್ಲ.

“ಆ ಕಡೆ ತಿರುಗೇ ಮುಂಡೆ,” ಎಂದ, ದನಿ ತಗ್ಗಿಸಿ. “ನಾಳೆಯಿಂದ ಕೆಲಸ ಇರಲ್ಲ ನಿಂಗೆ.”

“ಗೊತ್ತು. ಅವಳು ಮುಗಿಸ್ಲಿ.”

ಮಗಳು ಹಾಳೆಯನ್ನು ತೊಡೆಯ ಮೇಲೆ ಹರವಿಕೊಂಡಳು.

“ಅಮ್ಮ, ಮುಖ ಸ್ವಲ್ಪ ಈ ಕಡೆ.”

ಕಂಬಕ್ಕ ತಿರುಗಿಸಿದಳು. ಹುಡುಗಿ ಅವಳನ್ನು ಬಹಳ ಹೊತ್ತು ನೋಡಿ, ಮೂಗಿನಿಂದ ಶುರು ಮಾಡಿದಳು.