‘ಕುಂದ್ರಿ’ ಎಂದ ಮಗ

ಗುತ್ತೆವ್ವ ರಿಮೋಟಿನ ಗುಂಡಿ ಒತ್ತಿ ಟಿವಿಯಲ್ಲಿದ್ದ ಹೆಂಗಸನ್ನು ನಿಲ್ಲಿಸಿದಳು. ಹೊರಗೆ ಕಾರು ಬಂದ ಸದ್ದಾಗಿತ್ತು.

“ಅತ್ತೀ, ಕೊಲಿ ಆತೇನ್ರಿ?” ಅಡುಗೆಮನೆಯಿಂದ ಸೊಸೆ ಸುಶ್ಮಿತಾ ಕೇಳಿದಳು.

“ಎಲ್ಲಿ ಕೊಲಿ? ಇನ್ನೂ ಕಪ್ಪು ತೊಳ್ಯಾಕತ್ತಾಳ. ಗಂಡ ಹಿಂದ ನಿಂತಾನ.”

“ಒಂದು ತಾಸಾತು, ಅದ ಕಪ್ಪು! ನಾ ಹಂಗ ತೊಳದ್ರ ಬಿಡ್ತಿದ್ರೇನು ನೀವು?”

ಈ ನಿಧಾನದ ಸಿನಿಮಾಗಳ ರುಚಿ ಹತ್ತಿಸಿದವಳು ಸುಶ್ಮಿತಾಳೇ. ಮಧ್ಯಾಹ್ನ ಹಾಕಿಕೊಟ್ಟು ಹತ್ತು ನಿಮಿಷಕ್ಕೆ ತಾನು ನಿದ್ದೆ ಹೋಗುತ್ತಿದ್ದಳು. ಗುತ್ತೆವ್ವನಿಗೆ ಅವುಗಳ ಭಾಷೆ ತಿಳಿಯದು. ಹಾಗಾಗಿ ಮುಖಗಳನ್ನೇ ನೋಡುತ್ತಿದ್ದಳು. “ಕೊಲಿ ಏನ, ಕಣ್ಣು ಮುಚ್ಚಿ ತಗಿಯೂದ್ರಾಗ ಆಗತೈತಿ. ಅದಕ್ಕಿಂತ ಮೊದಲ ಮಂದಿ ಎಷ್ಟು ಛಲೋ ಮಾತಾಡ್ತಾರ, ಅದನ್ನ ನೋಡಬೇಕು” ಎನ್ನುತ್ತಿದ್ದಳು.

ಮಗ ಸುಭಾಷ ಒಳಗೆ ಬಂದ. ರಾಣೆಬೆನ್ನೂರಿನ ಪೇಟೆಯಲ್ಲಿ ಅವನದು ಬೀಜದ ಅಂಗಡಿ. ಕತ್ತಲಾಗುವ ಮೊದಲು ಎಂದೂ ಮನೆಗೆ ಬಂದವನಲ್ಲ, ಇವತ್ತು ಮಧ್ಯಾಹ್ನಕ್ಕೇ ಬಂದಿದ್ದ. ಗುತ್ತೆವ್ವ ಊಟಕ್ಕೆ ಬಡಿಸಲೆಂದು ಮೊಣಕಾಲು ಹಿಡಿದು ಏಳಹೋದಳು.

“ಏಳಬ್ಯಾಡ್ರಿ ಅವ್ವಾ, ಕುಂದ್ರಿ.”

ಅವಳು ಕುಳಿತಳು. ನಲವತ್ತು ವರ್ಷ ‘ಯವ್ವಾ, ಲಗೂ ಕೊಡ, ಹಸಿವ್ಯಾಗೈತಿ’ ಎಂದ ಮಗ. ಈ ‘ರಿ’ಯನ್ನು ಅವನು ಗಿರಾಕಿಗಳಿಗೆ ಇಟ್ಟಿದ್ದ, ಬೀಜ ಮೊಳೆಯಲಿಲ್ಲವೆಂದು ಜಗಳಕ್ಕೆ ಬಂದವರಿಗೆ ಇನ್ನೂ ಸ್ವಲ್ಪ ಎಳೆದು ಹಚ್ಚುತ್ತಿದ್ದ.

ಮೇಡ್ಲೇರಿಯ ಹೊಳೆದಂಡೆಯ ಎರಡೆಕರೆ ಗುತ್ತೆವ್ವನಿಗೆ ತವರಿನಿಂದ ಬಂದದ್ದು. ಅರ್ಧ ನಿನಗೆ ಎಂದು ಹಾವೇರಿಯಲ್ಲಿದ್ದ ಮಗಳು ಸುಚಿತ್ರಾಳಿಗೆ ಮಾತು ಕೊಟ್ಟಿದ್ದಳು. ಹೋದ ವಾರ ಅವಳ ಫೋನು ಬಂದಿತ್ತು: “ಯವ್ವಾ, ಅಣ್ಣ ಕಾಗದ ಮಾಡ್ಸಾಕತ್ತಾನಂತ. ನನ್ನ ಕೇಳದ ಎಲ್ಲೂ ಸಹಿ ಮಾಡಬ್ಯಾಡ.” ಗುತ್ತೆವ್ವ ಮಗಳನ್ನೇ ಬೈದು ಫೋನು ಇಟ್ಟಿದ್ದಳು.

“ಕಾಗಿನೆಲಿಗೆ ಹೋಗಿ ಬರೂಣು,” ಎಂದ ಸುಭಾಷ. “ಗೆಳ್ಯಾನ ಕಾರು ತಂದೇನಿ. ಆದಿಕೇಶವನ ದರ್ಶನ ಆಗಿ ಎಷ್ಟು ದಿನಾ ಆತು ನಿಮಗ?”

ಎರಡು ವರ್ಷದಿಂದ ಅವಳೇ ಕೇಳುತ್ತಿದ್ದ ಮಾತು. ಹಿಗ್ಗು ಬಂದೇ ಬಂತು. ಸೀರೆ ಬದಲಿಸಿದಳು. ಸುಶ್ಮಿತಾ ಹಣ್ಣುಕಾಯಿಯ ಚೀಲ ಕೊಟ್ಟಳು, ಮುಖ ನೋಡದೆ.

“ಅವ್ವಾ, ಆಧಾರ ಕಾರ್ಡು ತಗೊಂಡ್ರಿಲ್ಲೋ?”

ಗುತ್ತೆವ್ವ ಹೊಸ್ತಿಲಲ್ಲಿ ನಿಂತಳು. ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಪುಕ್ಕಟೆ. ಕಂಡಕ್ಟರನಿಗೆ ಆ ಕಾರ್ಡು ತೋರಿಸಬೇಕು.

“ಗೆಳ್ಯಾನ ಕಾರಿಗೂ ಆಧಾರ ತೋರಿಸಬೇಕೇನೋ?”

“ಹಂಗಲ್ರಿ... ಇರಲಿ ಅಂತ. ಬರೂ ಮುಂದ ಒಬ್ರನ್ನ ಭೆಟ್ಟಿ ಆಗೂದೈತಿ. ಐದು ಮಿನಿಟಿನ ಕೆಲಸ.”

“ಯಾರನ್ನ?”

ಸುಭಾಷ ಹೆಂಡತಿಯ ಕಡೆ ನೋಡಿದ. ಅವಳು ಸೆರಗಿನ ಅಂಚು ಸರಿಮಾಡಿಕೊಂಡಳು. “ಆ ಸಿನಿಮಾ ತಲಿಗೆ ಹತ್ಯಾವ್ರಿ ಅತ್ತ್ಯಾರಿಗೆ. ಹಾಲಿನಾಂವ ನಕ್ಕರೂ ಸಂಶೇ.”

ಮೂವರೂ ನಕ್ಕರು. ಮೊದಲು ನಿಲ್ಲಿಸಿದವನು ಸುಭಾಷ.

ನನಗೇ ಭ್ರಮೆ ಹಿಡಿದಿರಬಹುದು, ಹೆತ್ತ ಮಗ, ಅಂದುಕೊಂಡಳು ಗುತ್ತೆವ್ವ. ಸುಭಾಷ ಹೋಗಿ ಕಾರಿನ ಬಾಗಿಲು ತೆರೆದ. ತನ್ನ ಕರವಸ್ತ್ರದಿಂದಲೇ ಸೀಟು ಒರೆಸಿದ. ಒಳಗಿನ ತಂಪು ಗಾಳಿ ಅವಳ ಪಾದದವರೆಗೂ ಬಂತು.

“ಬರ್ರಿ ಅವ್ವಾ, ಕಾರ್ಡೂ ಬ್ಯಾಡ. ದರ್ಶನ ಅಷ್ಟ. ಎಲ್ಲೂ ನಿಲ್ಲಸಂಗಿಲ್ಲ, ಖರೇನ.”

ಈ ಸಲದ ‘ರಿ’ ಇನ್ನೂ ಸ್ವಲ್ಪ ಎಳೆದಿತ್ತು. “ಒಲ್ಲೆ,” ಎಂದಳು ಗುತ್ತೆವ್ವ.