ತಂಗಿಯ ಪ್ಯಾಚ್

ಲ್ಯಾಪ್‌ಟಾಪ್ ಮುಚ್ಚಿ ತೆರೆದರೆ ಒಮ್ಮೊಮ್ಮೆ ವೈಫೈ ಏಳುವುದೇ ಇಲ್ಲ. ಆ ವೈಫೈ ಚಿಪ್ಪನ್ನು ನಡೆಸುವ ಕೋಡ್, ಅಂದರೆ ಡ್ರೈವರ್, ನೋಡಿಕೊಳ್ಳುವವಳು ನಾನು. ಅದರಲ್ಲಿ ಒಂದೇ ಒಂದು ಸಾಲು ಬದಲಾಗಿ, ಇಡೀ ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶವಾದ ಕರ್ನಲ್‌ಗೆ ಸೇರಬೇಕಾದರೂ ನನ್ನ ಒಪ್ಪಿಗೆ ಬೇಕು. ಈ ದೋಷದ ಬೆನ್ನು ಹತ್ತಿ ಎರಡು ವರ್ಷ ತಲೆ ಕೆಡಿಸಿಕೊಂಡಿದ್ದೆ. ಸೋಮವಾರ ನನ್ನ ತಂಗಿ ಆರು ಸಾಲಿನ ಪ್ಯಾಚ್, ಅಂದರೆ ಕೋಡ್ ತಿದ್ದುಪಡಿ, ಕಳಿಸಿ ಅದನ್ನು ಸರಿಮಾಡಿಬಿಟ್ಟಳು.

ಆರೇ ಸಾಲು! ನನಗೆ ಮೈಯೆಲ್ಲ ಉರಿದುಹೋಯಿತು. ಅವಳನ್ನು ಈ ಕೆಲಸಕ್ಕೆ ಎಳೆತಂದವಳೇ ನಾನು. ಪಕ್ಕದಲ್ಲಿ ಕೂರಿಸಿಕೊಂಡು ಕರ್ನಲ್ ಕಂಪೈಲ್ ಮಾಡುವುದನ್ನು ಹೇಳಿಕೊಟ್ಟಿದ್ದೆ. ಈಗ ಮೇಲಿಂಗ್ ಲಿಸ್ಟಿನಲ್ಲಿ ತಲೆ ನರೆತವರೆಲ್ಲ ಅವಳಿಗೆ ಭೇಷ್ ಅನ್ನುತ್ತಿದ್ದಾರೆ. ಅಮ್ಮ ಬೇರೆ ಫೋನ್ ಮಾಡಿ, "ನಿನ್ನ ಕೈಲಿ ಆಗದ್ದನ್ನ ಚಿಕ್ಕವಳು ಮಾಡಿದ್ಲಂತೆ?" ಎಂದು ಗಾಯದ ಮೇಲೆ ಬರೆ ಎಳೆದಳು.

ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಪ್ಯಾಚ್ ಓದಿದೆ. ತಪ್ಪು ಸಿಗಲಿಲ್ಲ. ಸಿಗದಿದ್ದರೇನು, ಮೊಸರಲ್ಲಿ ಕಲ್ಲು ಹುಡುಕಿದೆ. ವಿವರಣೆ ಉದ್ದವಾಯಿತು, ಮತ್ತೆ ಕಳಿಸು ಎಂದೆ. ಕಳಿಸಿದಳು. ಒಂದು ಕೋಡ್ ಮುಗಿಸುವವರೆಗೆ ಇನ್ನೊಂದನ್ನು ತಡೆದು ನಿಲ್ಲಿಸುವ ಲಾಕನ್ನು ಬಿಡುವ ಸಾಲು ಹೀಗೆ ನಡುವೆ ಇದ್ದರೆ ಚೆನ್ನಾಗಿ ಕಾಣುವುದಿಲ್ಲ, ಫಂಕ್ಷನ್ನಿನ ಕೊನೆಗೆ ಹಾಕು ಎಂದೆ. ಹಾಕಿದಳು. ವೇರಿಯಬಲ್ ಹೆಸರು ಹಿಡಿಸಲಿಲ್ಲ ಎಂದೆ. ಅದನ್ನೂ ಬದಲಿಸಿ, ಚಕಾರ ಎತ್ತದೆ ನಾಲ್ಕನೇ ಆವೃತ್ತಿ ಕಳಿಸಿದಳು. ಭಾನುವಾರ ದಾಟಿದರೆ ಪ್ಯಾಚ್ ಕರ್ನಲ್‌ನ ಈ ಸಲದ ಬಿಡುಗಡೆಗೆ ಸೇರುವುದಿಲ್ಲ. ಮುಂದಿನದರ ಹೊತ್ತಿಗೆ ನಾನೇ ಬೇರೆ ದಾರಿ ಹುಡುಕಿಬಿಡುತ್ತೇನೆ ಎಂಬ ದುರಾಸೆ ನನಗೆ.

ಶನಿವಾರ ನಾಲ್ಕನೆಯದನ್ನು ನನ್ನ ಮೆಷಿನ್ನಿಗೆ ಹಾಕಿ, ಮುಚ್ಚಿ ತೆರೆದೆ. ಇಡೀ ಮೆಷಿನ್ನೇ ಗರಬಡಿದು ನಿಂತಿತು. ಸಿಕ್ಕಿಬಿದ್ದಳು! ಕುಣಿಯುವುದೊಂದು ಬಾಕಿ. ಕೂಡಲೇ ಫೋನ್ ಹಚ್ಚಿದೆ.

"ಏನೇ ಇದು, ನಿನ್ನ ಪ್ಯಾಚ್ ಹಾಕಿದ್ರೆ ಮೆಷಿನ್ನೇ ಸತ್ತುಹೋಗುತ್ತೆ!"

"ಲಾಕ್ ಕೊನೇಲಿ ಬಿಡೋದ್ರಿಂದ ಇರ್ಬೇಕು ಅಕ್ಕಾ. ನಾವು ಲಾಕ್ ಹಿಡ್ಕೊಂಡೇ ಚಿಪ್ಪಿನ ಉತ್ತರಕ್ಕೆ ಕಾಯ್ತೀವಿ. ಉತ್ತರ ತಗೊಳ್ಳೋ ಕೋಡ್‌ಗೂ ಅದೇ ಲಾಕ್ ಬೇಕು. ಇಬ್ರೂ ಕಾಯ್ತಾ ಕೂತ್ರೆ ಮುಗೀತಲ್ಲ."

ಕೊನೆಗೆ ಹಾಕು ಎಂದವಳು ನಾನೇ. ಆದರೂ ಬಿಡದೆ ಕೇಳಿದೆ, "ಮತ್ಯಾಕೆ ಹಾಗೆ ಹಾಕ್ದೆ?"

"ಅನುಮಾನ ಇತ್ತು. ಆದ್ರೆ ನೀನೇ ಹೇಳಿದ್ಯಲ್ಲ, ಏನೋ ಯೋಚ್ನೆ ಮಾಡೇ ಹೇಳಿರ್ತೀಯ ಅಂದ್ಕೊಂಡೆ. ಹಾಕಿ ನೋಡೋಣ ಅಂದ್ರೆ ನನ್ನ ಹತ್ರ ಆ ಚಿಪ್ ಇರೋ ಮೆಷಿನ್ ಎಲ್ಲಿದೆ?"

ಚಿಪ್ಪೇ ಇಲ್ಲದೆ, ಬರೀ ಓದಿ ಕಂಡುಹಿಡಿದಿದ್ದಳು! ನನ್ನ ಹೊಟ್ಟೆಯ ಉರಿಗೆ ಇನ್ನಷ್ಟು ಸೌದೆ ಬಿತ್ತು.

"ಐದನೇದು ಕಳಿಸ್ತೀನಿ ಬಿಡು," ಎಂದಳು. "ಲಾಕ್ ವಿಷ್ಯ ನನ್ನದೇ ತಪ್ಪು ಅಂತ ಬರೀತೀನಿ. ನಿನ್ನ ಹೆಸರು ಯಾಕೆ ಕೆಡ್ಬೇಕು?"

ಫೋನಿಟ್ಟು ಅವಳ ಮೊದಲನೇ ಆವೃತ್ತಿ ಹಾಕಿದೆ. ಎಷ್ಟು ಸಲ ಮುಚ್ಚಿ ತೆರೆದರೂ ವೈಫೈ ಎದ್ದು ಕೂತಿತು. ತೆಪ್ಪಗಿದ್ದಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು. ಆದರೆ ಅವಳು ಐದನೆಯದನ್ನು ಕಳಿಸುವ ಮೊದಲೇ, ಎಲ್ಲರೂ ಓದುವ ಲಿಸ್ಟಿಗೆ ಬರೆದೆ: "ಮೊದಲನೆಯದೇ ಸರಿಯಿತ್ತು, ಅದನ್ನೇ ತೆಗೆದುಕೊಂಡಿದ್ದೇನೆ. ಆಮೇಲೆ ಕೆಡಿಸಿದ್ದು ನಾನು." ಒಳ್ಳೆಯತನದಲ್ಲೂ ಅವಳೇ ಗೆಲ್ಲುವುದನ್ನು ನೋಡಿಕೊಂಡಿರಲು ನನ್ನಿಂದಾಗಲಿಲ್ಲ.